‘ಕನ್ನಡ’ ಅಂತ ಬರೆದರೆ ‘ಪೌಂಡ್’ ಅಂತ ಓದುವ ಕಂಪ್ಯೂಟರು

ಕಳೆದ ವರ್ಷ ಒಂದು ಸಂಜೆ ನನ್ನ ಕಾಲೇಜಿನ ಗೆಳೆಯ ಫೋನ್ ಮಾಡಿದ. ಅವನು ಹೈಸ್ಕೂಲ್ ಮೇಷ್ಟ್ರು, ಸಮಾಜ ವಿಜ್ಞಾನ ಹೇಳಿಕೊಡುತ್ತಾನೆ. ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. “ಒಂದು ಸುತ್ತೋಲೆ ಕಳಿಸಿದೀನಿ, ಸ್ವಲ್ಪ ಓದಿ ಹೇಳೋ” ಅಂದ. ನನಗೆ ಆಶ್ಚರ್ಯ. ನನಗಿಂತ ಜಾಸ್ತಿ ಓದುವವನು ಅವನು. ಪೇಪರು, ಪುಸ್ತಕ, ಮೇಲ್ ಎಲ್ಲವನ್ನೂ ಲ್ಯಾಪ್‌ಟಾಪೇ ಅವನಿಗೆ ಓದಿ ಹೇಳುತ್ತದೆ. ಅದು ಕೆಟ್ಟಿದೆಯಾ ಅಂತ ಕೇಳಿದೆ.

“ಚೆನ್ನಾಗೇ ಇದೆ ಕಣೋ. ಇಲ್ಲಿ ಕೇಳು” ಅಂತ ಫೋನನ್ನು ಲ್ಯಾಪ್‌ಟಾಪಿನ ಸ್ಪೀಕರಿಗೆ ಹಿಡಿದ. ಅದು ಒಂದೊಂದೇ ಅಕ್ಷರ ಹೇಳುತ್ತಾ ಹೋಯಿತು. ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಇನ್ನೇನೋ ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ ಗ್ರೇವ್.

ನಾನು ಅದೇ ಪಿಡಿಎಫ್ ತೆರೆದೆ. ಅಚ್ಚುಕಟ್ಟಾದ ಕನ್ನಡ. ಒಂದು ಕಾಗುಣಿತದ ತಪ್ಪೂ ಇಲ್ಲ. ಲ್ಯಾಪ್‌ಟಾಪು ಬಡಬಡಿಸಿದ ಆ ಏಳು ಗುರುತುಗಳ ಜಾಗದಲ್ಲಿ ನನಗೆ ಕಂಡಿದ್ದು ಒಂದೇ ಪದ: ‘ಕನ್ನಡ’.

ಕಣ್ಣು ಕಾಣದವರಿಗೆ ಇರುವ ಸಾಧನಗಳ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರುವುದು ಯಾವಾಗಲೂ ಒಂದೇ ಥರ. ಮಾತಾಡುವ ಕನ್ನಡಕ ಬಂತು, ದಾರಿ ತೋರಿಸುವ ಶೂ ಬಂತು, ಯಾವುದೋ ಕಾಲೇಜಿನ ಹುಡುಗರು ಸ್ಮಾರ್ಟ್ ಕೋಲು ಮಾಡಿದರು. ಓದಿದವರಿಗೆ ಖುಷಿ. ಆದರೆ ನನ್ನ ಗೆಳೆಯನ ಕೈಯಲ್ಲಿದ್ದ ಸಾಧನದಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದು ಇದ್ದದ್ದನ್ನು ಇದ್ದ ಹಾಗೇ ಓದಿತು. ಎಡವಟ್ಟಾಗಿದ್ದು ಈಚೆ ಕಡೆ, ಕಣ್ಣಿರುವ ನಾವು ತಯಾರಿಸಿದ ಫೈಲಿನಲ್ಲಿ. ಈ ವಿಷಯದಲ್ಲಿ ಗಮನಿಸಬೇಕಾದ್ದು ಇದನ್ನೇ ಅಂತ ನನಗೆ ಅನ್ನಿಸುತ್ತದೆ. ಸಾಧನಗಳು ಬಹಳ ಮುಂದೆ ಹೋಗಿವೆ. ಅವು ಓದಬೇಕಾದ ಜಗತ್ತು ಹಿಂದೆ ಉಳಿದಿದೆ.

ಮೊದಲು ಆ ಪೌಂಡಿನ ಕಥೆ ಮುಗಿಸುತ್ತೇನೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಒಂದೊಂದು ಅಂಕಿಗೆ ಒಂದೊಂದು ಅಕ್ಷರ ಅಂತ ಪಟ್ಟಿ ಮಾಡಿಕೊಂಡಿರುತ್ತದೆ. ಹಳೆಯ ಪಟ್ಟಿಯಲ್ಲಿ ಇದ್ದದ್ದೇ 256 ಮನೆ. ಅಷ್ಟರಲ್ಲೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಮೊದಲೇ ಬಂದು ಕೂತಿದ್ದವು. ಕನ್ನಡಕ್ಕೆ ಜಾಗ ಇರಲಿಲ್ಲ. ಆಗ ನಮ್ಮವರು ಒಂದು ಉಪಾಯ ಮಾಡಿದರು. ಅಂಕಿಯನ್ನು ಹಾಗೇ ಬಿಟ್ಟು, ಫಾಂಟಿನಲ್ಲಿ ಚಿತ್ರವನ್ನು ಮಾತ್ರ ಬದಲಾಯಿಸಿದರು. ‘ಪಿ’ಯ ಮನೆಯಲ್ಲಿ ತಲೆಕಟ್ಟಿಲ್ಲದ ಕ. ‘ಎ ಗ್ರೇವ್’ ಅನ್ನುವ ಫ್ರೆಂಚ್ ಅಕ್ಷರದ ಮನೆಯಲ್ಲಿ ತಲೆಕಟ್ಟು. ಪೌಂಡ್ ಗುರುತಿನ ಮನೆಯಲ್ಲಿ ನ. ಆ ಜರ್ಮನ್ ಅಕ್ಷರದ ಮನೆಯಲ್ಲಿ ನ ಒತ್ತು. ‘ಕ್ಯೂ’ ಮನೆಯಲ್ಲಿ ಡ. ನೋಡುವವರಿಗೆ ಅದು ‘ಕನ್ನಡ’. ಕಂಪ್ಯೂಟರಿನ ಪಾಲಿಗೆ ಈಗಲೂ ಪಿ, ಪೌಂಡ್, ಕ್ಯೂ.

ಆ ಕಾಲಕ್ಕೆ ಅದು ಜಾಣತನವೇ. ಇಲ್ಲದಿದ್ದರೆ ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಅಷ್ಟು ಸುಲಭವಾಗಿ ಅಚ್ಚಾಗುತ್ತಿರಲಿಲ್ಲ. ಆದರೆ ಜಗತ್ತಿನ ಭಾಷೆಗಳ ಅಕ್ಷರಗಳಿಗೆಲ್ಲ ಬೇರೆ ಬೇರೆ ಅಂಕಿ ಕೊಡುವ ಯೂನಿಕೋಡ್ ಅನ್ನುವ ದೊಡ್ಡ ಪಟ್ಟಿ ಬಂದಿದ್ದು 1991ರಲ್ಲಿ. ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆಗಳು ಸಿಕ್ಕಿದವು. ಅಲ್ಲಿ ‘ಕನ್ನಡ’ ಅಂದರೆ ಕ, ನ, ಅರ್ಧಾಕ್ಷರದ ಗುರುತು, ನ, ಡ. ಐದೇ ಐದು, ಐದೂ ಕನ್ನಡದ್ದೇ. ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳಲ್ಲೂ ಯೂನಿಕೋಡಿನಲ್ಲಿ ಟೈಪ್ ಮಾಡುವ ಅನುಕೂಲ ಬಂದು ಎಷ್ಟೋ ಕಾಲವಾಯಿತು. ಆದರೂ ಹಳೆಯ ಫಾಂಟು ಬಿಟ್ಟುಹೋಗಿಲ್ಲ. ಡಿಟಿಪಿ ಅಂಗಡಿಗಳಲ್ಲಿ, ಪ್ರೆಸ್ಸುಗಳಲ್ಲಿ, ಕಚೇರಿಗಳಲ್ಲಿ ಕೈಗೆ ಕೂತ ಅಭ್ಯಾಸ. ಪುಟ ಕಟ್ಟುವ ಹಳೆಯ ಸಾಫ್ಟ್‌ವೇರಿಗೆ ಯೂನಿಕೋಡ್ ಒತ್ತಕ್ಷರ ಹಾಕಿದರೆ ಚೆಲ್ಲಾಪಿಲ್ಲಿಯಾಗುತ್ತದೆ. ಪ್ರಿಂಟು ತೆಗೆದರೆ ಹೇಗೂ ಚೆನ್ನಾಗಿ ಬರುತ್ತದಲ್ಲ, ಇನ್ನೇನು ಬೇಕು? ಕಾಗದದ ಮೇಲೆ ಕಾಣಿಸಿದರೆ ಆಯಿತು ಅನ್ನುವವರಿಗೆ ಎರಡರ ನಡುವೆ ಯಾವ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಗೊತ್ತಾಗುವುದು ನೋಡದೆ ಓದುವವರಿಗೆ.

ನೋಡದೆ ಓದುವುದು ಅಂದರೆ ಹೇಗೆ? ಅದಕ್ಕೆ ಬಳಸುವ ಸಾಫ್ಟ್‌ವೇರಿಗೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಬಹಳ ಜನ ಇದನ್ನು ಪರದೆಯನ್ನು ನೋಡಿ ಓದುವ ಯಂತ್ರ ಅಂದುಕೊಂಡಿದ್ದಾರೆ. ಅದು ಪರದೆಯನ್ನು ನೋಡುವುದಿಲ್ಲ. ಪರದೆಯ ಹಿಂದೆ ಇರುವ ಆ್ಯಪಿಗೆ ‘ಇಲ್ಲಿ ಏನಿದೆ?’ ಅಂತ ಕೇಳುತ್ತದೆ. ಅದು ಏನು ಹೇಳುತ್ತದೋ ಅದನ್ನೇ ದನಿಯಲ್ಲಿ ಹೇಳುತ್ತದೆ. ‘ಹಣ ಕಳಿಸಿ, ಬಟನ್’ ಅಂತ ಉತ್ತರ ಬಂದರೆ ಸರಿ. ಬಟನ್ನಿಗೆ ಬರೀ ಬಾಣದ ಚಿತ್ರ ಹಾಕಿ, ಹಿಂದೆ ಹೆಸರು ಬರೆಯದೆ ಬಿಟ್ಟಿದ್ದರೆ ಬರುವ ಉತ್ತರ ‘ಬಟನ್’ ಅಷ್ಟೇ. ಹಾಗೆ ಐದು ಇದ್ದರೆ ಬಟನ್, ಬಟನ್, ಬಟನ್, ಬಟನ್, ಬಟನ್. ಯಾವುದು ಹಣ ಕಳಿಸುತ್ತದೆ, ಯಾವುದು ಅಕೌಂಟ್ ಮುಚ್ಚುತ್ತದೆ, ದೇವರಿಗೇ ಗೊತ್ತು. ಆ ಹೆಸರು ಬರೆಯಲು ಆ್ಯಪ್ ಮಾಡುವವರಿಗೆ ಬೇಕಾಗುವುದು ಒಂದು ಸಾಲು ಕೋಡು.

ಸ್ಕ್ರೀನ್ ರೀಡರ್ ಹೊಸದೇನಲ್ಲ. ಜಾಸ್ ಅನ್ನುವುದು 1989ರಿಂದಲೇ ಇದೆ. ಆದರೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ನಮ್ಮಲ್ಲಿ ಎಷ್ಟೋ ಜನರಿಗೆ ಕಂಪ್ಯೂಟರ್ ಕೊಳ್ಳುವುದೇ ಕಷ್ಟ, ಅದಕ್ಕೆ ಬಾಯಿ ಕೊಡಿಸಲು ಇನ್ನಷ್ಟು ದುಡ್ಡು ಎಲ್ಲಿಂದ ತರಬೇಕು? ಇದನ್ನು ಬದಲಾಯಿಸಿದ್ದು ಆಸ್ಟ್ರೇಲಿಯಾದ ಇಬ್ಬರು. 2006ರಲ್ಲಿ ಮೈಕೆಲ್ ಕರನ್ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬರೆಯಲು ಶುರು ಮಾಡಿದರು, ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅದು ಪೂರ್ತಿ ಉಚಿತ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಇನ್ನೊಬ್ಬರ ಕಂಪ್ಯೂಟರಿನಲ್ಲೂ ಓಡಿಸಬಹುದು. ಆಂಡ್ರಾಯ್ಡ್ ಫೋನುಗಳಿಗೆ ಟಾಕ್‌ಬ್ಯಾಕ್, ಐಫೋನಿಗೆ ವಾಯ್ಸ್‌ಓವರ್ ಅನ್ನುವ ಸ್ಕ್ರೀನ್ ರೀಡರ್ ಬಂದಿದ್ದು 2009ರಲ್ಲಿ. ನಿಮ್ಮ ಫೋನಿನಲ್ಲೂ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಒಮ್ಮೆ ಹಾಕಿ ನೋಡಿ. ಎಚ್ಚರ, ಹಾಕಿದ ಮೇಲೆ ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ. ಗೊತ್ತಿಲ್ಲದೆ ಹಾಕಿಕೊಂಡು ಫೋನ್ ಕೆಟ್ಟಿತು ಅಂತ ಅಂಗಡಿಗೆ ಓಡಿದವರೂ ಇದ್ದಾರೆ.

ಎನ್‌ವಿಡಿಎ ಜೊತೆಗೆ ಬರುವ ದನಿ ಇ-ಸ್ಪೀಕ್. ಅದರಲ್ಲಿ ಕನ್ನಡವೂ ಇದೆ. ಮೊದಲ ಸಲ ಕೇಳಿದಾಗ ಡಬ್ಬದೊಳಗೆ ಕೂತು ಯಾರೋ ಮಾತಾಡಿದ ಹಾಗಿರುತ್ತದೆ. ಮನುಷ್ಯರ ದನಿಯ ಹಾಗೇ ಇರುವ ಕನ್ನಡದ ದನಿಗಳು ಈಗ ಫೋನುಗಳಲ್ಲಿ ಸಿಗುತ್ತವೆ. ಆದರೂ ಗೆಳೆಯ ಲ್ಯಾಪ್‌ಟಾಪಿನಲ್ಲಿ ಡಬ್ಬದ ದನಿಯನ್ನು ಬಿಟ್ಟಿಲ್ಲ. ಕಾರಣ ವೇಗ. ಇ-ಸ್ಪೀಕ್ ಯಾರದೋ ದನಿಯನ್ನು ರೆಕಾರ್ಡ್ ಮಾಡಿಟ್ಟು ಜೋಡಿಸುವುದಿಲ್ಲ, ಸದ್ದನ್ನು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಹಾಗಾಗಿ ಎಷ್ಟು ಜೋರಾಗಿ ಓಡಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ಅವನು ಓಡಿಸುವ ವೇಗ ಕೇಳಿದರೆ ನನಗೆ ಹಿಟ್ಟಿನ ಗಿರಣಿ ನೆನಪಾಗುತ್ತದೆ. ಒಂದು ಪದ ಕಿವಿಗೆ ಸಿಕ್ಕಿದರೆ ಹೆಚ್ಚು. ಅವನು ಅದರಲ್ಲೇ ಕಾಗುಣಿತದ ತಪ್ಪು ಹಿಡಿಯುತ್ತಾನೆ.

ಇಷ್ಟೆಲ್ಲ ಆದಮೇಲೂ ಅವನಿಗೆ ಒಂದು ಬ್ಯಾಂಕ್ ಅಕೌಂಟ್ ಆನ್‌ಲೈನಿನಲ್ಲಿ ತೆರೆಯಲು ಆಗಲಿಲ್ಲ. ಯಾವ ಬ್ಯಾಂಕು ಅನ್ನುವುದು ಬೇಡ, ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಕಥೆ. ಆಧಾರ್ ನಂಬರ್ ಹಾಕಿದ, ಒಟಿಪಿ ಹಾಕಿದ, ಎಲ್ಲ ಸರಿಹೋಯಿತು. ಆಮೇಲೆ ಕ್ಯಾಮೆರಾ ತೆರೆದುಕೊಂಡಿತು. ಮುಖವನ್ನು ವೃತ್ತದೊಳಗೆ ತನ್ನಿ ಅಂದಿತು. ಯಾವ ವೃತ್ತ, ಎಲ್ಲಿದೆ? ಅಂದಾಜಿನಲ್ಲಿ ಫೋನನ್ನು ಆ ಕಡೆ ಈ ಕಡೆ ಆಡಿಸಿ ಹೇಗೋ ತಂದ. ಮುಂದಿನ ಸೂಚನೆ: ‘ಕಣ್ಣು ಮಿಟುಕಿಸಿ.’ ಅವನ ಕಣ್ಣು ಮಿಟುಕಿಸಿದ್ದು ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಜೀವಂತ ಮನುಷ್ಯ ಅಂತ ಸಾಬೀತು ಮಾಡಲಾಗಲಿಲ್ಲ ಅಂತ ಆ್ಯಪು ಹೊರಗೆ ಕಳಿಸಿತು. “ಮೂರು ಸಲ ಸತ್ತೆ” ಅಂತ ಅವನೇ ತಮಾಷೆ ಮಾಡಿದ.

ಫೋಟೋ ಇಟ್ಟುಕೊಂಡು ಬೇರೆಯವರ ಹೆಸರಲ್ಲಿ ಅಕೌಂಟ್ ತೆರೆಯುವುದನ್ನು ತಡೆಯಬೇಕು, ಅದು ನಿಜ. ಆದರೆ ಬದುಕಿದ್ದೇವೆ ಅಂತ ತೋರಿಸಲು ಕಣ್ಣು ಮಿಟುಕಿಸುವುದೊಂದೇ ದಾರಿಯಾ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೇಳಿದವರಲ್ಲಿ ಒಬ್ಬರು ಆ್ಯಸಿಡ್ ದಾಳಿಗೆ ಗುರಿಯಾದ ಪ್ರಜ್ಞಾ ಪ್ರಸೂನ್. ಇನ್ನೊಬ್ಬರು ದೃಷ್ಟಿಯಿಲ್ಲದ ವಕೀಲ ಅಮರ್ ಜೈನ್. ಎರಡೂ ಅರ್ಜಿ ಸೇರಿಸಿ 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ತೀರ್ಪು ಕೊಟ್ಟರು. ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದರು. ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆಗೆ, ಕಣ್ಣು ಮಿಟುಕಿಸುವುದನ್ನು ಬಿಟ್ಟು ಬೇರೆ ದಾರಿಗಳೂ ಇರಬೇಕು ಅನ್ನುವುದೂ ಸೇರಿ 20 ನಿರ್ದೇಶನಗಳನ್ನು ಕೊಟ್ಟರು.

ಅದಕ್ಕೂ ಮುಂಚೆ, 2024ರ ನವೆಂಬರ್ 8ರಂದು, ದೃಷ್ಟಿಯ ತೊಂದರೆ ಇರುವ ರಾಜೀವ್ ರಾತುರಿ ಅವರ ಪ್ರಕರಣದಲ್ಲಿ ಇನ್ನೊಂದು ತೀರ್ಪು ಬಂದಿತ್ತು. ಆ ಅರ್ಜಿ ಹಾಕಿದ್ದು 2005ರಲ್ಲಿ. ಹೌದು, 19 ವರ್ಷ. ಅದು ಎತ್ತಿಕೊಂಡಿದ್ದು ಕಾನೂನಿನ ಒಂದು ಸೂಕ್ಷ್ಮವನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎಲ್ಲವೂ ಎಲ್ಲರಿಗೂ ಎಟುಕುವ ಹಾಗೆ ‘ಇರಲೇಬೇಕು’ ಅನ್ನುತ್ತದೆ. ಅದರ ಕೆಳಗೆ 2017ರಲ್ಲಿ ಮಾಡಿದ ನಿಯಮ 15 ಮಾತ್ರ ಮಾರ್ಗಸೂಚಿಗಳ ಒಂದು ಪಟ್ಟಿ ಕೊಟ್ಟಿತ್ತು. ಆ ಮಾರ್ಗಸೂಚಿಗಳ ಧಾಟಿ ಇದ್ದದ್ದು ‘ಹೀಗಿದ್ದರೆ ಒಳ್ಳೆಯದು’ ಅಂತ. ಮೇಲೆ ಕಡ್ಡಾಯ, ಕೆಳಗೆ ಸಲಹೆ. ಇದು ನಡೆಯುವುದಿಲ್ಲ, ಕಡ್ಡಾಯ ಅಂದರೆ ಕಡ್ಡಾಯ ಅಂತ ಕೋರ್ಟು ಹೇಳಿತು. ಹೊಸ ನಿಯಮ ಮಾಡಲು ಕೇಂದ್ರಕ್ಕೆ ಮೂರು ತಿಂಗಳು ಗಡುವು ಕೊಟ್ಟಿತು. ಸುತ್ತೋಲೆಯನ್ನು ಹಳೆಯ ಫಾಂಟಿನಲ್ಲಿ ಟೈಪ್ ಮಾಡುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಸಲಹೆಯಾಗಿದ್ದರೆ ‘ಆಗಲಿ ನೋಡೋಣ’ ಅನ್ನಬಹುದು. ಕಡ್ಡಾಯವಾದರೆ ಯಾರಾದರೂ ಕೇಳುತ್ತಾರೆ.

ಕೇಳುವ ಜನ ಎಷ್ಟಿದ್ದಾರೆ ಅಂದರೆ, 2011ರ ಜನಗಣತಿ ಪ್ರಕಾರ ದೇಶದಲ್ಲಿ ದೃಷ್ಟಿಯ ತೊಂದರೆ ಇರುವವರು ಸುಮಾರು 50 ಲಕ್ಷ, ಕರ್ನಾಟಕದಲ್ಲಿ ಸುಮಾರು 2.6 ಲಕ್ಷ. ಇವರೆಲ್ಲ ಪೂರ್ತಿ ಕತ್ತಲಲ್ಲಿ ಇರುವವರಲ್ಲ. ಎಲ್ಲರಿಗೂ 60 ಮೀಟರಿನಿಂದ ಕಾಣುವುದು ಮೂರು ಮೀಟರಿನಷ್ಟು ಹತ್ತಿರ ಬಂದರೂ ಕಾಣದಿದ್ದರೆ ಕಾನೂನು ಅದನ್ನು ಅಂಧತ್ವ ಅನ್ನುತ್ತದೆ. ಅದಕ್ಕಿಂತ ಸ್ವಲ್ಪ ಮೇಲಿರುವವರದು ಮಂದ ದೃಷ್ಟಿ. ಅವರಿಗೆ ಬೇಕಾದ್ದು ದೊಡ್ಡ ಅಕ್ಷರ, ಕಪ್ಪು ಮೇಲೆ ಬಿಳಿ, ಒಳ್ಳೆಯ ಬೆಳಕು. ಈ ಗುಂಪು ಎಲ್ಲರ ಕಣ್ಣಿಗೂ ತಪ್ಪಿಹೋಗುತ್ತದೆ. ಕೋಲು ಹಿಡಿದಿಲ್ಲ, ಕಪ್ಪು ಕನ್ನಡಕ ಇಲ್ಲ, ಅಂದಮೇಲೆ ಕಾಣಿಸುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ.

ಇನ್ನು ಈಗ ಎಲ್ಲರ ಬಾಯಲ್ಲಿರುವ ಎಐ ವಿಷಯ. ಡೆನ್ಮಾರ್ಕಿನ ಬಿ ಮೈ ಐಸ್ ಅನ್ನುವ ಆ್ಯಪು 2015ರಿಂದ ಇದೆ. ಕಣ್ಣು ಕಾಣದವರು ವಿಡಿಯೋ ಕಾಲ್ ಮಾಡಿದರೆ ಎಲ್ಲೋ ಇರುವ ಸ್ವಯಂಸೇವಕರು ನೋಡಿ ಹೇಳುತ್ತಾರೆ. ಹಾಲಿನ ಪ್ಯಾಕೆಟ್ಟಿನ ಮೇಲಿನ ದಿನಾಂಕ, ಶರ್ಟಿನ ಬಣ್ಣ, ಇಂಥದ್ದು. 2023ರಲ್ಲಿ ಅದಕ್ಕೆ ಎಐ ಸೇರಿತು. ಈಗ ಫೋಟೋ ತೆಗೆದರೆ ಯಂತ್ರವೇ ವಿವರಿಸುತ್ತದೆ. ಮೈಕ್ರೋಸಾಫ್ಟಿನ ಸೀಯಿಂಗ್ ಎಐ, ಗೂಗಲ್‌ನ ಲುಕ್‌ಔಟ್ ಕೂಡ ಇದೇ ಜಾತಿಯವು.

ಇದನ್ನು ನಾನು ಸುಮ್ನೆ ತೆಗೆದುಹಾಕುವುದಿಲ್ಲ. ಗೆಳೆಯ ಮಗಳ ಶಾಲೆಯ ಗ್ರೂಪ್ ಫೋಟೋವನ್ನು ಮೊದಲ ಸಲ ಯಾರ ಹಂಗೂ ಇಲ್ಲದೆ ‘ನೋಡಿದ’ ದಿನ ನನಗೆ ಫೋನ್ ಮಾಡಿದ್ದ. ಎರಡನೇ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವಳು, ಎರಡು ಜಡೆ, ಕೆಂಪು ರಿಬ್ಬನ್, ಒಬ್ಬಳೇ ಪಕ್ಕಕ್ಕೆ ತಿರುಗಿದ್ದಾಳೆ ಅಂತ ಹೇಳಿತಂತೆ. ಅವಳೇ ಅಂತ ಅವನಿಗೆ ತಕ್ಷಣ ಗೊತ್ತಾಯಿತಂತೆ. ನೆಟ್ಟಗೆ ನಿಲ್ಲುವ ಮಗುವಲ್ಲ ಅದು.

ಆದರೆ ಇದೇ ಯಂತ್ರ ಗೊತ್ತಿಲ್ಲದ್ದನ್ನೂ ಗೊತ್ತಿದೆ ಅನ್ನುವ ಧಾಟಿಯಲ್ಲೇ ಹೇಳುತ್ತದೆ. ಮಾತ್ರೆಯ ಶೀಟನ್ನು ಹಿಡಿದರೆ, ಹೊಳೆಯುವ ಹಾಳೆಯ ಮೇಲೆ ಅರ್ಧ ಹರಿದ ಅಕ್ಷರವನ್ನು ಊಹೆ ಮಾಡಿ ಪೂರ್ತಿ ಮಾಡುತ್ತದೆ. ಕಣ್ಣಿದ್ದವರಿಗೆ ಅನುಮಾನ ಬಂದರೆ ಒಮ್ಮೆ ಶೀಟು ತಿರುಗಿಸಿ ನೋಡುತ್ತಾರೆ. ಕಾಣದವರು ಯಾವುದರ ಜೊತೆ ಹೋಲಿಸಿ ನೋಡಬೇಕು? ತಪ್ಪು ಉತ್ತರವೂ ಸರಿ ಉತ್ತರವೂ ಒಂದೇ ದನಿಯಲ್ಲಿ ಬರುತ್ತವೆ. ಗೆಳೆಯ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾನೆ. ಫೋಟೋ, ಬಟ್ಟೆ, ಹೋಟೆಲಿನ ಮೆನು ಆದರೆ ಎಐ. ಮಾತ್ರೆ, ಚೆಕ್ಕು, ಸಹಿ ಹಾಕುವ ಕಾಗದ ಆದರೆ ಮನುಷ್ಯರು. ಪಾಸ್‌ಬುಕ್ಕಿನ ಫೋಟೋ ಯಾವುದೋ ದೇಶದ ಕಂಪ್ಯೂಟರಿಗೆ ಹೋಗುತ್ತದೆ ಅನ್ನುವುದೂ ಅವನ ತಲೆಯಲ್ಲಿದೆ.

ದುಡ್ಡಿನ ವಿಷಯ ಬಂತು, ಒಂದು ಲೆಕ್ಕ ನೋಡಿ. ಹಳೆಯ ನೂರರ ನೋಟು 157 ಮಿಲಿಮೀಟರ್ ಉದ್ದ ಇತ್ತು, ಹಳೆಯ ಐನೂರು 167. ಹತ್ತು ಮಿಲಿಮೀಟರ್ ವ್ಯತ್ಯಾಸ. ಬೆರಳ ನಡುವೆ ಮಡಿಸಿ ಹಿಡಿದರೆ ಗೊತ್ತಾಗುತ್ತಿತ್ತು. 2016ರಿಂದ ಈಚೆಗೆ ಬಂದ ಹೊಸ ನೋಟುಗಳಲ್ಲಿ ನೂರು 142, ಇನ್ನೂರು 146, ಐನೂರು 150. ಅಗಲ ಮೂರಕ್ಕೂ ಒಂದೇ, 66. ಒಂದು ನೋಟಿಗೂ ಮುಂದಿನದಕ್ಕೂ ನಾಲ್ಕೇ ಮಿಲಿಮೀಟರ್. ಅಂಚಿನಲ್ಲಿ ಉಬ್ಬಿದ ಗೀಟುಗಳಿವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಹೊಸ ನೋಟಿನಲ್ಲಿ ಕೈಗೆ ಸಿಗುತ್ತವೆ. ಸಂತೆಯಲ್ಲಿ ನಾಲ್ಕು ಕೈ ದಾಟಿ, ಬೆವರು ಕುಡಿದು ಬಂದ ನೋಟಿನಲ್ಲಿ ಗೀಟು ಹುಡುಕಿದರೂ ಸಿಗುವುದಿಲ್ಲ. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಮಣಿ ಅನ್ನುವ ಆ್ಯಪು ತಂದಿತು. ಕ್ಯಾಮೆರಾಕ್ಕೆ ನೋಟು ಹಿಡಿದರೆ ಎಷ್ಟರದು ಅಂತ ಹೇಳುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಒಳ್ಳೆಯದೇ. ಆದರೆ ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಕೋಲು ಇರುವಾಗ ಫೋನು ತೆಗೆದು ನೋಟು ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ನೋಟನ್ನೇ ಕೈಗೆ ಗೊತ್ತಾಗುವ ಹಾಗೆ ಮಾಡಿದ್ದರೆ ಆ್ಯಪು ಬೇಕಾಗುತ್ತಲೇ ಇರಲಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಅಂಗಡಿಗಳಲ್ಲಿ ಯುಪಿಐ ದುಡ್ಡು ಬಂದಾಗ ಕೂಗಿ ಹೇಳುವ ಪುಟ್ಟ ಡಬ್ಬ ಇದೆಯಲ್ಲ, ಅದನ್ನು ಕಣ್ಣು ಕಾಣದವರಿಗೆ ಅಂತ ಮಾಡಿದ್ದಲ್ಲ. ಫೋನ್ ನೋಡಲು ಪುರಸೊತ್ತಿಲ್ಲದ ಅಂಗಡಿಯವರಿಗೆ ಅಂತ ಮಾಡಿದ್ದು. ಆದರೆ ‘ನಲವತ್ತು ರೂಪಾಯಿ ಬಂದಿದೆ’ ಅಂತ ಅದು ಕನ್ನಡದಲ್ಲಿ ಕೂಗಿದಾಗ ಗೆಳೆಯನಿಗೂ ತಾನು ಕೊಟ್ಟಿದ್ದು ನಲವತ್ತೇ, ನಾನೂರಲ್ಲ ಅಂತ ಖಾತ್ರಿಯಾಗುತ್ತದೆ.

ರಸ್ತೆಯ ಬಗ್ಗೆ ಹೇಳಲು ಹೊರಟರೆ ಸಿಟ್ಟು ಬರುತ್ತದೆ, ಚಿಕ್ಕದಾಗಿ ಮುಗಿಸುತ್ತೇನೆ. ಮಾಮೂಲಿ ಬಿಳಿ ಕೋಲು ಮೊಣಕಾಲಿನ ಕೆಳಗಿನದನ್ನು ಮಾತ್ರ ಹೇಳುತ್ತದೆ. ಮುಖದ ಮಟ್ಟಕ್ಕೆ ಚಾಚಿಕೊಂಡ ಕೊಂಬೆ, ಲಾರಿಯ ಹಿಂಭಾಗ ಅದಕ್ಕೆ ಸಿಗುವುದಿಲ್ಲ. ದೆಹಲಿಯ ಐಐಟಿ ತಯಾರಿಸಿ 2014ರಲ್ಲಿ ಹೊರತಂದ ಸ್ಮಾರ್ಟ್‌ಕೇನ್ ಬಾವಲಿಯ ಹಾಗೆ ಕಿವಿಗೆ ಕೇಳಿಸದ ಸದ್ದು ಬಿಟ್ಟು, ಎದುರಿಗೆ ಏನಾದರೂ ಇದ್ದರೆ ಹಿಡಿಯಲ್ಲಿ ನಡುಕ ಕೊಡುತ್ತದೆ. ಸರಿ, ನಮ್ಮ ಫುಟ್‌ಪಾತಿನಲ್ಲಿ ಅದನ್ನು ಹಿಡಿದು ನಡೆದರೆ? ನಿಂತ ಸ್ಕೂಟರು, ಟ್ರಾನ್ಸ್‌ಫಾರ್ಮರು, ಜಲ್ಲಿ ರಾಶಿ, ಎಳನೀರಿನ ಗಾಡಿ. ಹಿಡಿ ನಡುಗುತ್ತಲೇ ಇರುತ್ತದೆ. ಮೆಟ್ರೋ ನಿಲ್ದಾಣಗಳಲ್ಲಿ ನೀವು ನೋಡಿರುವ ಹಳದಿ ಉಬ್ಬು ಟೈಲ್ಸ್ ಜಪಾನಿನಲ್ಲಿ ಹುಟ್ಟಿದ್ದು, 1967ರಲ್ಲಿ ಒಕಯಾಮದ ಒಂದು ರಸ್ತೆಯಲ್ಲಿ ಮೊದಲು ಹಾಕಿದರು. ಗೀಟು ಇದ್ದರೆ ನಡೆಯಿರಿ, ಚುಕ್ಕಿ ಇದ್ದರೆ ನಿಲ್ಲಿ ಅಂತ ಅರ್ಥ. ನಮ್ಮ ಕೆಲವು ರಸ್ತೆಗಳಲ್ಲಿ ಚಂದಕ್ಕೆ ಅಂತ ಹಾಕಿದ್ದಾರೆ. ಗೀಟನ್ನು ನಂಬಿ ಹೋದರೆ ನೇರ ಕಂಬಕ್ಕೆ ಹಣೆ.

ಬಸ್ಸಿನ ವಿಷಯದಲ್ಲಿ ಮೈಸೂರು ಒಂದು ಒಳ್ಳೆಯ ಕೆಲಸ ಮಾಡಿದೆ. ಕೆಎಸ್‌ಆರ್‌ಟಿಸಿ ಅಲ್ಲಿನ 200 ನಗರ ಬಸ್ಸುಗಳಿಗೆ ‘ಧ್ವನಿ ಸ್ಪಂದನ’ ಅಂತ ಸಾಧನ ಹಾಕಿತು. ಪ್ರಯಾಣಿಕರ ಕೈಯಲ್ಲಿ ಒಂದು ಪುಟ್ಟ ಯಂತ್ರ. ಬಸ್ಸು ಹತ್ತಿರ ಬಂದಾಗ ಬಟನ್ ಒತ್ತಿದರೆ ನಂಬರು ಹೇಳುತ್ತದೆ. ತಮ್ಮದೇ ಬಸ್ಸಾದರೆ ಇನ್ನೊಮ್ಮೆ ಒತ್ತಬೇಕು, ಆಗ ಬಸ್ಸಿನ ಬಾಗಿಲ ಹತ್ತಿರದ ಸ್ಪೀಕರು ಸದ್ದು ಮಾಡುತ್ತದೆ. ಆ ಸದ್ದು ಹಿಡಿದು ಬಾಗಿಲಿಗೆ ಹೋಗಬಹುದು. ನನಗೆ ಇದು ಇಷ್ಟವಾಗಿದ್ದು ಯಂತ್ರದ ಜಾಣತನಕ್ಕಲ್ಲ. ಅರ್ಧ ಸಾಧನ ಪ್ರಯಾಣಿಕರ ಕೈಯಲ್ಲಿದೆ, ಇನ್ನರ್ಧ ಬಸ್ಸಿನಲ್ಲೇ ಇದೆ. ಬಸ್ಸಿನವರೂ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ.

ಕೊನೆಗೆ ಪುಸ್ತಕ. ಇಲ್ಲಿ ಕಾನೂನು ಯಾವ ಅಡ್ಡಿಯನ್ನೂ ಉಳಿಸಿಲ್ಲ. ದೃಷ್ಟಿ ಇಲ್ಲದವರಿಗಾಗಿ ಪುಸ್ತಕವನ್ನು ಬ್ರೈಲಿಗೋ ಆಡಿಯೋಗೋ ಡಿಜಿಟಲ್ ಪಠ್ಯಕ್ಕೋ ತರಲು ಪ್ರಕಾಶಕರ ಅನುಮತಿ ಬೇಕಿಲ್ಲ ಅಂತ 2012ರಲ್ಲೇ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಇದೇ ಅರ್ಥದ ಮರಕೇಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಲೈಬ್ರರಿಯೂ ಬಂತು. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಎಷ್ಟೋ ವರ್ಷಗಳಿಂದ ಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡಿಸುತ್ತಿವೆ. ಆದರೂ ಹೊಸ ಕನ್ನಡ ಕಾದಂಬರಿ ಬಿಡುಗಡೆಯಾದ ದಿನವೇ ಗೆಳೆಯನ ಕೈಗೆ ಬರುವುದಿಲ್ಲ. ಆ ಕಾದಂಬರಿ ಹುಟ್ಟಿದ್ದೇ ಕಂಪ್ಯೂಟರಿನಲ್ಲಿ. ಲೇಖಕರು ಟೈಪ್ ಮಾಡಿದ್ದಾರೆ, ಡಿಟಿಪಿಯವರು ಪುಟ ಕಟ್ಟಿದ್ದಾರೆ. ಆದರೆ ಪುಟ ಕಟ್ಟಿದ್ದು ಮತ್ತದೇ ಪಿ, ಪೌಂಡ್, ಕ್ಯೂ ಭಾಷೆಯಲ್ಲಿ. ಹಾಗಾಗಿ ಅಚ್ಚಾದ ಪುಸ್ತಕವನ್ನು ತಂದು, ಪುಟಪುಟವನ್ನೂ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಎತ್ತುವ ಸಾಫ್ಟ್‌ವೇರಿಗೆ ಕೊಟ್ಟು, ಅದು ಮಾಡಿದ ಒತ್ತಕ್ಷರದ ತಪ್ಪುಗಳನ್ನು ತಿದ್ದಿ, ಇದ್ದ ಪಠ್ಯವನ್ನೇ ಇನ್ನೊಮ್ಮೆ ಹುಟ್ಟಿಸಬೇಕು. ಅಕ್ಕಿಯನ್ನು ಮತ್ತೆ ಭತ್ತ ಮಾಡಿ ಕುಟ್ಟಿದ ಹಾಗೆ.

ಕೇಳಿದರೆ ಆಯಿತಲ್ಲ, ಆಡಿಯೋ ಸಾಲದಾ ಅನ್ನುವವರಿದ್ದಾರೆ. ಗೆಳೆಯನ ಶಾಲೆಯಲ್ಲಿ ಕಣ್ಣು ಕಾಣದ ಒಬ್ಬ ಹುಡುಗ ಇದ್ದಾನೆ, ಎಂಟನೇ ಕ್ಲಾಸು. ಫೋನಿನಲ್ಲಿ ಕೇಳಿಸಿಕೊಂಡೇ ಬೆಳೆದವನು, ಪಾಠ ಎಲ್ಲ ಬಾಯಿಗೆ ಬರುತ್ತದೆ. ಆದರೆ ಬರೆಸಿದರೆ ‘ಭಾಷೆ’ಗೂ ‘ಶಾಲೆ’ಗೂ ಒಂದೇ ಶ. ಅವನ ತಪ್ಪೇನೂ ಇಲ್ಲ. ಕಿವಿಗೆ ಶ, ಷ ಎರಡೂ ಒಂದೇ ಥರ ಕೇಳುತ್ತವೆ. ಕಣ್ಣಿರುವ ಮಕ್ಕಳು ನೋಡಿ ಕಲಿಯುತ್ತಾರೆ, ಕಾಣದ ಮಕ್ಕಳು ಮುಟ್ಟಿ ಕಲಿಯಬೇಕು. ಅದಕ್ಕೆ ಬ್ರೈಲ್ ಬೇಕು. ಸ್ಲೇಟ್ ಅನ್ನುವ ಕಿಂಡಿಗಳ ಚೌಕಟ್ಟಿಗೆ ದಪ್ಪ ಹಾಳೆ ಸಿಕ್ಕಿಸಿ, ಸ್ಟೈಲಸ್ ಅನ್ನುವ ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಿ, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಕನ್ನಡ ಬಳಸುವುದು ಭಾರತಿ ಬ್ರೈಲನ್ನು. ಕನ್ನಡದ ಕ, ತಮಿಳಿನ ಕ, ಹಿಂದಿಯ ಕ ಎಲ್ಲಕ್ಕೂ ಅವೇ ಚುಕ್ಕಿಗಳು, ಆರು ಚುಕ್ಕಿಯ ಮನೆಯಲ್ಲಿ ಒಂದನೆಯದು ಮತ್ತು ಮೂರನೆಯದು. ಆದರೆ ಬ್ರೈಲ್ ಪುಸ್ತಕ ದಪ್ಪ, ಭಾರ. ಕಂಪ್ಯೂಟರಿಗೆ ಜೋಡಿಸುವ ಬ್ರೈಲ್ ಪಟ್ಟಿಯಲ್ಲಿ ಒಂದೊಂದು ಚುಕ್ಕಿಯನ್ನೂ ಏಳಿಸಿ ಇಳಿಸಲು ಪುಟಾಣಿ ಯಂತ್ರ ಬೇಕು, ಅದಕ್ಕೇ ಬೆಲೆ ವಿಪರೀತ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಶುರುವಾಗಿತ್ತು. ಅಷ್ಟು ಹಳೆಯ ಸಂಪ್ರದಾಯ ಇರುವ ನಾಡಿನಲ್ಲಿ ಫೋನ್ ಬಂತು ಅಂತ ಬ್ರೈಲನ್ನು ಮೂಲೆಗೆ ಸರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಆ ಸುತ್ತೋಲೆ ಏನಾಯಿತು ಅಂತ ಹೇಳಲಿಲ್ಲ. ಹಳೆಯ ಫಾಂಟನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪಿಡಿಎಫ್‌ನಿಂದ ಎತ್ತಿ, ಅದರಲ್ಲಿ ಹಾಕಿ, ಅಲ್ಲಲ್ಲಿ ಜಾರಿದ ಒತ್ತುಗಳನ್ನು ತಿದ್ದಿ ಕಳಿಸಿದೆ. ಹತ್ತು ನಿಮಿಷದ ಕೆಲಸ. ಗೆಳೆಯ ಅಲ್ಲಿಗೇ ಬಿಡಲಿಲ್ಲ. ಅದನ್ನು ಟೈಪ್ ಮಾಡಿದ ಗುಮಾಸ್ತರು ಅವನಿಗೆ ಪರಿಚಯ. ಅವರ ಹತ್ತಿರ ಹೋಗಿ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಓದಿಸಿ ಕೇಳಿಸಿದ. ಅವರಿಗೆ ಗಾಬರಿ. “ಅಯ್ಯೋ ಸಾರ್, ಕಾಣ್ಸೋಕೆ ಸರಿಯಾಗೇ ಇತ್ತಲ್ಲ” ಅಂದರಂತೆ. ಆವತ್ತೇ ಯೂನಿಕೋಡಿಗೆ ಬದಲಾಯಿಸಿಕೊಂಡರು.

ಮುಂದಿನ ತಿಂಗಳು ಹೊಸ ಸುತ್ತೋಲೆ ಬಂತು. ಗೆಳೆಯ ಮತ್ತೆ ಫೋನ್ ಮಾಡಿ ಸ್ಪೀಕರಿಗೆ ಹಿಡಿದ. ಈ ಸಲ ಡಬ್ಬದ ದನಿ ಕನ್ನಡವನ್ನು ಕನ್ನಡವಾಗಿಯೇ ಓದಿತು. ಊರಿನ ಹೆಸರು ಬಂದಾಗ ಮಾತ್ರ ‘ಬೆ ಸೊನ್ನೆ ಗಳೂರು’ ಅಂದಿತು. ಪಾಪ, ಗುಮಾಸ್ತರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿದ್ದಾರೆ. ಎರಡೂ ನೋಡಲು ಒಂದೇ ಥರ ದುಂಡಗೆ ಇರುತ್ತವಲ್ಲ.

“ಹೇಳಲಾ ಅವರಿಗೆ?” ಅಂತ ಕೇಳಿದೆ.

“ನಾನೇ ಹೇಳ್ತೀನಿ ಬಿಡೋ, ನಾಳೆ ಆ ಕಡೆ ಹೋಗೋದಿದೆ” ಅಂದ.